ಚಿತ್ರಪಟದ ಕೃಷ್ಣಸಾರವೂ ಬಯಲಿನ ಕೃಷ್ಣಸಾರವೂ

ಪ್ರಾಚೀನ ಕಾವ್ಯಗಳಲ್ಲಿ ಬರುವ ಮೃಗನಾಮಗಳಿಗೆಲ್ಲ ‘ಜಿಂಕೆ’ ಎಂಬ ಒಂದೇ ಅರ್ಥವನ್ನು ಬರೆದು ಮುಂದೆ ಸಾಗುವುದು ಪಾಠ ಹೇಳುವವರಲ್ಲಿ ರೂಢಿಯಾಗಿದೆ. ಅಮರಸಿಂಹನಾದರೋ ಸಿಂಹಾದಿವರ್ಗದಲ್ಲಿ ಕೃಷ್ಣಸಾರ, ಶಂಬರ, ಪೃಷತ ಮೊದಲಾದುವನ್ನು ಬೇರೆಬೇರೆಯಾಗಿಯೇ ಎಣಿಸಿರುವನು. ಕನ್ನಡದಲ್ಲಿಯೂ ಎರಳೆ, ಹುಲ್ಲೆ, ಕಡವೆ ಎಂಬ ಶಬ್ದಗಳು ಕೊರತೆಯಿಲ್ಲದೆ ಇವೆ. ಈ ಅರ್ಥಸಂಕರವನ್ನು ನೀಗುವುದಕ್ಕೆ 18, 19ನೆಯ ಶತಮಾನಗಳ ಪಾಶ್ಚಾತ್ಯ ಪ್ರಾಣಿಶಾಸ್ತ್ರಗ್ರಂಥಗಳ ಚಿತ್ರಪಟಗಳು ಎಷ್ಟರಮಟ್ಟಿಗೆ ಸಾಧಕವಾಗುವುವು, ಎಷ್ಟರಮಟ್ಟಿಗೆ ಬಾಧಕವಾಗುವುವು ಎಂಬುದು ಇಲ್ಲಿ ವಿಚಾರಣೀಯ.

ಮೊದಲು ಗುಣವನ್ನು ಹೇಳಬೇಕು. 1749ರಿಂದ ಪ್ರಕಟವಾಗತೊಡಗಿದ ಫ್ರಾನ್ಸಿನ ಬಫಾನನ ಮಹಾಗ್ರಂಥಕ್ಕೆ ಡ ಸೇವನು ಬರೆದ ಪಟಗಳಲ್ಲಿ ಮೃಗಗಳ ಕೊಂಬಿಗೆ ವಿಶೇಷ ಗಮನ ಸಂದಿದೆ. ಎಲುಬಿನ ತಿರುಳಿನ ಮೇಲೆ ಒರೆಯಂತೆ ಬೆಳೆದು, ಕವಲೊಡೆಯದೆ, ಎಂದಿಗೂ ಉದುರದೆ ನಿಲ್ಲುವುದು ಒಂದು ಬಗೆ. ಎಲುಬೇ ಕವಲೊಡೆದು ಬೆಳೆದು ಕಾಲಕಾಲಕ್ಕೆ ಬಿದ್ದುಹೋಗಿ ಮತ್ತೆ ಹುಟ್ಟುವುದು ಇನ್ನೊಂದು ಬಗೆ. ಮೊದಲನೆಯದು ಗೋವು, ಆಡು, ಕೃಷ್ಣಸಾರಗಳದು. ಎರಡನೆಯದು ಕಡವೆ, ಚುಕ್ಕೆಜಿಂಕೆಗಳದು. ಲಿನೇಯಸನು 1758ರಲ್ಲಿ ಕೃಷ್ಣಸಾರವನ್ನು ಆಡಿನ ಗಣಕ್ಕೆ ಸೇರಿಸಿ ‘ಸರ್ವಿಕಾಪ್ರ’, ಅಂದರೆ ಜಿಂಕೆಯಾಡು, ಎಂದು ಹೆಸರಿಟ್ಟನು. 1766ರಲ್ಲಿ ಪಲಾಸನು ಅದನ್ನು ಆಡಿನಿಂದ ಬೇರ್ಪಡಿಸಿದನು. ನಾಲ್ಕು ಕೊಂಬಿನ ಕಾಡುಮೃಗವನ್ನು ‘ಕೊಂಡುಕುರಿ’ ಎಂದು ಕರೆದ ಕನ್ನಡಿಗರೂ ಇದೇ ಸಾದೃಶ್ಯವನ್ನು ಕಂಡವರೇ. ಕೊಂಬಿನ ವಿಷಯದಲ್ಲಿ ಗ್ರಾಮ್ಯಶಬ್ದವೂ ಶಾಸ್ತ್ರವೂ ಕೂಡಿಬಂದಿರುವಾಗ ಪಂಡಿತನ ಟೀಕೆ ಮಾತ್ರ ಹಿಂದುಳಿಯುವುದು ಉಚಿತವಲ್ಲ.

ಇನ್ನು ದೋಷ. 1894–1900ರಲ್ಲಿ ಸ್ಕ್ಲೇಟರ್ ಮತ್ತು ಥಾಮಸರು ಹೊರತಂದ ‘ಬುಕ್ ಆಫ್ ಆಂಟಿಲೋಪ್ಸ್’ ಗ್ರಂಥದ ನೂರು ವರ್ಣಪಟಗಳು ಮನೋಹರವಾದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂತಹ ಪಟಗಳ ಸಂಪ್ರದಾಯದಲ್ಲಿ ಪ್ರೌಢವಾದ ಹೋತವೇ ಇಡೀ ಜಾತಿಗೆ ಪ್ರತಿನಿಧಿ. ಕೃಷ್ಣಸಾರದ ಕಪ್ಪು ಹುಟ್ಟುಗುಣವಲ್ಲ. ಹೆಣ್ಣೂ ಮರಿಯೂ ಕಂದುಬಣ್ಣದವು, ಗಂಡು ವಯಸ್ಸಾದಂತೆ ಕಪ್ಪಾಗುವುದು. ದಕ್ಷಿಣದೇಶದ ಹೋತಗಳು ಉತ್ತರದವುಗಳಷ್ಟು ಕಪ್ಪಾಗುವುದು ವಿರಳ. ಅವುಗಳ ಕೊಂಬೂ ಸಾಮಾನ್ಯವಾಗಿ ಕಿರಿದು. ಪಟಗಳ ಉದ್ದೇಶ ಜಾತಿನಿರ್ಣಯವೇ ಹೊರತು ದೇಶವರ್ಣನೆಯಲ್ಲವೆಂದು ಸಮಾಧಾನ ಹೇಳಬಹುದು. ಆದರೆ ದೇಶಭೇದದಿಂದಲೂ ವಯೋಭೇದದಿಂದಲೂ ಲಕ್ಷಣವೇ ಬದಲಾಗುವಾಗ, ದೇಶವನ್ನು ಬಿಟ್ಟ ಜಾತಿನಿರ್ಣಯ ಅಪೂರ್ಣವೇ ಸರಿ.

ನಮ್ಮ ಗ್ರಂಥಕಾರರ ದಾರಿ ಬೇರೆ. ಶಾಕುಂತಲದ ಮೊದಲನೆಯ ಅಂಕದಲ್ಲಿ ಕಾಳಿದಾಸನು ಕೊಂಬನ್ನು ಅಳೆಯಲು ಹೋಗದೆ, ಬೆನ್ನಟ್ಟಿ ಬರುವ ರಥವನ್ನು ತಿರುತಿರುಗಿ ನೋಡುತ್ತ ನೆಗೆಯುವ ಮೃಗದ ಗತಿಯನ್ನು ಕಣ್ಣಿಗೆ ಕಟ್ಟಿಸುವನು. ಮನುವು ಎರಡನೆಯ ಅಧ್ಯಾಯದಲ್ಲಿ ಕೃಷ್ಣಸಾರವು ಸ್ವಭಾವತಃ ಸಂಚರಿಸುವ ದೇಶವೇ ಯಜ್ಞಾರ್ಹವೆನ್ನುವನು. ಅಲ್ಲಿ ಮೃಗವೇ ನೆಲಕ್ಕೆ ಲಕ್ಷಣ. ಚಿತ್ರಪಟವು ಬಿಟ್ಟುದನ್ನೇ ಇವರಿಬ್ಬರೂ ಹಿಡಿದಿರುವರು.

ಈ ಮಾತಿಗೆ ಪ್ರತ್ಯಕ್ಷಪ್ರಮಾಣ ಕೋಲಾರದ ಸೀಮೆಯಲ್ಲಿದೆ. ಹಿಂದೆ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಚಿನ್ನದ ಗಣಿಗಳ ಕಡೆಗೆ ಹಬ್ಬಿರುವ ಕುರುಚಲು ಬಯಲು ಕೃಷ್ಣಸಾರದ ನೆಲ. 2001ರಲ್ಲಿ ಗಣಿಗಳು ಮುಚ್ಚಿದುವು, ಮೃಗಗಳು ಕೆ.ಜಿ.ಎಫ್. ಸುತ್ತಣ ಬಯಲಿನಲ್ಲಿ ಉಳಿದುಕೊಂಡಿವೆ. 1972ರ ವನ್ಯಜೀವಿ ಶಾಸನವು ಅವುಗಳ ಬೇಟೆಯನ್ನು ನಿಷೇಧಿಸಿದೆ. ಆದರೆ ಮರವಿಲ್ಲದ ಹುಲ್ಲುನೆಲವನ್ನು ಬರಿಯ ಬೀಳೆಂದು ಎಣಿಸುವ ಬುದ್ಧಿಯನ್ನು ಶಾಸನವೊಂದೇ ತಿದ್ದಲಾರದು. ಪಟದ ಕಪ್ಪನ್ನೇ ಲಕ್ಷಣವೆಂದು ಕಲಿತ ವಿದ್ಯಾರ್ಥಿಯು ಈ ಬಯಲಿನ ಕಂದು ಮೃಗವನ್ನು ಕಂಡರೂ ಕೃಷ್ಣಸಾರವೆಂದು ಗುರುತಿಸಲಾರನು; ಗುರುತಿಸದ ಮೃಗದ ನೆಲಕ್ಕಾಗಿ ಮಾತನಾಡುವವರೂ ಇರಲಾರರು.

ಆದುದರಿಂದ ಉಪಾಧ್ಯಾಯರು ಕೊಂಬಿನ ಭೇದವನ್ನು ಪಟದಿಂದಲೂ, ಗತಿಯನ್ನು ಕಾವ್ಯದಿಂದಲೂ, ಬಣ್ಣವನ್ನೂ ನೆಲೆಯನ್ನೂ ಬಯಲಿನಿಂದಲೂ ಗ್ರಹಿಸಿ ಅರ್ಥ ಹೇಳತಕ್ಕದ್ದು. ಕೃಷ್ಣಸಾರಕ್ಕೆ ‘ಬಯಲಲ್ಲಿ ವಾಸಿಸುವ, ಗಂಡಿಗೆ ತಿರುಚಿದ ಉದುರದ ಕೊಂಬುಳ್ಳ ಹುಲ್ಲೆ’ ಎಂದು ಟೀಕೆ ಬರೆದರೆ ನಾಲ್ಕು ಮಾತು ಹೆಚ್ಚಾಗುವುದು ನಿಜ. ಅರ್ಥವಾದರೋ ತನ್ನ ನೆಲದ ಮೇಲೆ ನಿಲ್ಲುವುದು.