ಚಲಚ್ಚಿತ್ರದ ಊರೂ ಕಡಲಕರೆಯ ಊರೂ

ಕಥೆಯ ಜಾಡನ್ನು ಹಿಡಿದು ಊರೂರು ಸುತ್ತುವುದು ನಮ್ಮ ಜನಕ್ಕೆ ಹೊಸತಾದ ಅಭ್ಯಾಸವಲ್ಲ. ಪಾದೆಯ ಮೇಲೊಂದು ಕುಳಿಯಿದ್ದರೆ ಅದು ಭೀಮನ ಹೆಜ್ಜೆ. ಕಾಡಿನೊಳಗೊಂದು ಕೊಳವಿದ್ದರೆ ಅದು ಸೀತೆ ಮಿಂದ ತೀರ್ಥ. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣಾಜಿಲನು ನಿಲ್ಲಿಸಿದ ಬಾಹುಬಲಿಯನ್ನು ನೋಡಬಂದವರಿಗೆ ಅಲ್ಲಿಯ ಹಿರಿಯರು ಮೂರ್ತಿಯ ಎತ್ತರವು 35 ಅಡಿಯೆಂದು ಹೇಳುವುದಕ್ಕೂ ಮೊದಲು, ಕಾರ್ಕಳದ ಅರಸನ ಭಯದಿಂದ ಅದನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟಿದ್ದರೆಂಬ ಐತಿಹ್ಯವನ್ನು ಹೇಳುವರು. ಸ್ಥಳವನ್ನು ಕಾಣುವುದೆಂದರೆ ಸ್ಥಳದ ಕಥೆಯನ್ನು ಕೇಳುವುದೆಂದೇ ನಾವು ತಿಳಿದುಕೊಂಡು ಬಂದಿದ್ದೇವೆ.

ಈಚೆಗೆ ಕಥೆಯನ್ನು ಹೇಳುವವನು ಬೇರೆಯಾಗಿದ್ದಾನೆ. ತಾವು ಮೆಚ್ಚಿದ ಚಲಚ್ಚಿತ್ರವನ್ನು ಎಲ್ಲಿ ತೆಗೆದರೋ ಆ ಎಡೆಗಳನ್ನು ಕಾಲ್ನಡಿಗೆಯಲ್ಲಿ ನೋಡಿ ಬರುವ ರೂಢಿಯು ಲೋಕದಲ್ಲೆಲ್ಲ ಬೆಳೆದಿದೆ. ಇಂಗ್ಲೆಂಡಿನ ಬ್ರೈಟನ್ ಎಂಬ ಕಡಲೂರಿನಲ್ಲಿ 1979ರ ‘ಕ್ವಾಡ್ರೊಫೀನಿಯ’ ಚಿತ್ರದ ಅಭಿಮಾನಿಗಳು ಪೇಟೆಯ ಒಂದು ಇಕ್ಕಟ್ಟಾದ ಓಣಿಯನ್ನು ಹುಡುಕಿಕೊಂಡು ಬರುವರು. ಆ ಓಣಿಗೆ ಈಗ ಚಿತ್ರದ ಹೆಸರೇ ರೂಢಿಯಾಗಿದೆ. ಇದನ್ನು ಹುಚ್ಚೆಂದು ನಕ್ಕುಬಿಡುವುದು ಸುಲಭ. ಸೀತೆಯ ಕೊಳದಲ್ಲಿ ಕಾಲು ತೊಳೆದು ಬಂದ ನಾವು ನಗುವುದಕ್ಕೆ ಮುನ್ನ ಒಂದಿಷ್ಟು ವಿಚಾರಿಸುವುದು ಲೇಸು.

ನಮ್ಮ ಸಂಘದ ಹದಿನೈದು ಮಂದಿ ಒಂದು ಮಳೆಗಾಲದ ಭಾನುವಾರ ಮಲ್ಪೆಗೆ ಹೋದುದು ಈ ವಿಚಾರಣೆಗಾಗಿಯೇ ಎಂದು ಹೇಳಿದರೆ ಅದು ಪೂರ್ಣ ಸತ್ಯವಾಗಲಾರದು. ಸಂಘದ ಕಿರಿಯ ಸದಸ್ಯರೊಬ್ಬರು ರಕ್ಷಿತ್ ಶೆಟ್ಟಿಯವರು ನಿರ್ದೇಶಿಸಿದ ‘ಉಳಿದವರು ಕಂಡಂತೆ’ (2014) ಚಿತ್ರವನ್ನು ಎಷ್ಟು ಸಲ ನೋಡಿದ್ದಾರೆಂಬುದು ಅವರಿಗೇ ತಿಳಿಯದು. ಅವರ ಉತ್ಸಾಹಕ್ಕೆ ಕಟ್ಟುಬಿದ್ದು ಬೆಳ್ತಂಗಡಿಯವರು ವೇಣೂರು ದಾರಿಯಾಗಿ, ಬಂಟ್ವಾಳದವರು ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಬಂದು ಸೇರಿ, ಕಾರ್ಕಳ, ಹಿರಿಯಡಕಗಳನ್ನು ದಾಟಿ ಕಡಲನ್ನು ಕಂಡೆವು. ಮಾರ್ಗದರ್ಶಿಯೂ ಆ ತರುಣರೇ. ಕೈಯ ಮೊಬೈಲಿನಲ್ಲಿ ಚಿತ್ರದ ತುಣುಕೊಂದನ್ನು ತೋರಿಸುವುದು, ಎದುರಿಗೆ ಬೆರಳು ಮಾಡುವುದು, “ಇದುವೇ ಅದು” ಎನ್ನುವುದು ಅವರ ಕ್ರಮವಾಗಿದ್ದಿತು.

ಚಿತ್ರವನ್ನು ನೋಡದ ವಾಚಕರಿಗಾಗಿ ಎರಡು ಮಾತು. ಮಲ್ಪೆಯಲ್ಲಿ ಕೃಷ್ಣಾಷ್ಟಮಿಯ ಹುಲಿವೇಷದ ದಿನಗಳಲ್ಲಿ ನಡೆದ ಒಂದು ರಕ್ತಪಾತದ ಸಂಗತಿಯನ್ನು ಪತ್ರಕರ್ತೆಯೊಬ್ಬಳು ಅದನ್ನು ಬಲ್ಲ ಬೇರೆಬೇರೆಯವರಿಂದ ಕೇಳಿ ಕೂಡಿಸುವಳು. ಪ್ರತಿಯೊಬ್ಬನ ಹೇಳಿಕೆಯೂ ಒಂದೊಂದು ಅಧ್ಯಾಯ. ಜಪಾನಿನ ಅಕುತಗವನು 1922ರಲ್ಲಿ ಬರೆದ ಕಥೆಯಿಂದ ಕುರೊಸಾವನು 1950ರಲ್ಲಿ ‘ರಾಶೊಮಾನ್’ ಚಿತ್ರವನ್ನು ಮಾಡಿದ ಬಳಿಕ ಈ ತಂತ್ರವು ಹಲವು ದೇಶಗಳಿಗೆ ಹಬ್ಬಿತು. ಆದರೆ ಮಲ್ಪೆಯ ಚಿತ್ರದ ಶಕ್ತಿಯಿರುವುದು ತಂತ್ರದಲ್ಲಲ್ಲವೆಂದು ನನ್ನ ಮತ. ಬಹುಕಾಲ ಕನ್ನಡ ಚಿತ್ರಗಳಲ್ಲಿ ಕರಾವಳಿಯವನ ಕನ್ನಡವು ನಗೆಯುಕ್ಕಿಸುವುದಕ್ಕಾಗಿ ಮಾತ್ರ ಬರುತ್ತಿದ್ದಿತು. ಹೋಟೆಲಿನ ಭಟ್ಟನೋ ಬಡ್ಡಿಯ ಲೆಕ್ಕದವನೋ ಬಂದು ಎರಡು ವಾಕ್ಯ ನುಡಿದು ಹೋಗುವನು. ಇಲ್ಲಿ ಅದೇ ನುಡಿಯಲ್ಲಿ ತಾಯಿ ಅಳುತ್ತಾಳೆ, ಕೊಲೆಗಡುಕನು ಬೆದರಿಸುತ್ತಾನೆ, ಪ್ರೇಮಿಯು ಬಾಯಿ ಕಟ್ಟಿ ನಿಲ್ಲುತ್ತಾನೆ. ರತ್ನಕ್ಕನ ಪಾತ್ರದಲ್ಲಿ ತಾರಾ, ಬಾಲುವಿನ ಪಾತ್ರದಲ್ಲಿ ಅಚ್ಯುತಕುಮಾರ್ ಅವರ ಮಾತಿನ ಏರಿಳಿತವನ್ನು ಕೇಳಿದವರು ಇದನ್ನು ಒಪ್ಪುವರು. ರಿಚ್ಚಿಯ ನಡೆನುಡಿಗಳಲ್ಲಿ ಮಾತ್ರ ಊರಿನ ನೆನಪಿಗಿಂತ ಬೇರೆ ಚಿತ್ರಗಳ ನೆನಪೇ ಹೆಚ್ಚೆಂದು ಹೇಳದಿರಲಾಗದು. ಮಾರ್ಗದರ್ಶಿಗಳಾದ ತರುಣರಿಗೆ ಈ ಮಾತು ರುಚಿಸಲಿಲ್ಲ.

ಅಂದು ಮೊದಲು ನಮಗೆ ಎದುರಾದುದು ಕಾಲದ ತೊಡಕು. ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಸರಕಾರದ ನಿಷೇಧ. ಕಡಲೂ ಆ ದಿನಗಳಲ್ಲಿ ತನ್ನದೇ ಆದ ನಿಷೇಧವನ್ನು ಹೇರುವುದು. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒರಗಿ, ಕಂಬಗಳ ಕಾಡಿನಂತೆ ನಿಂತಿದ್ದುವು. ಹರಾಜಿನ ಕೂಗಿಲ್ಲ, ಮಂಜುಗಡ್ಡೆಯ ಲಾರಿಗಳಿಲ್ಲ. ಛಾವಣಿಯ ಕೆಳಗೆ ಕೆಲವರು ಬಲೆ ಹೆಣೆಯುತ್ತಿದ್ದರು. ಬೀಚಿನಲ್ಲಿ ಯಾರೂ ನೀರಿಗಿಳಿಯದಂತೆ ಬಲೆಯ ಬೇಲಿ ಕಟ್ಟಿದ್ದಿತು. ನಮ್ಮವರಿಗೆ ನಿರಾಶೆಯಾಯಿತು. ಆದರೆ ಆ ನಿರಾಶೆಯೇ ಮೊದಲನೆಯ ಪಾಠವೆಂದು ನನಗೆ ತೋರಿತು. ಚಿತ್ರದ ಊರಿನಲ್ಲಿ ಯಾವಾಗಲೂ ಏನಾದರೊಂದು ನಡೆಯುತ್ತಲೇ ಇರಬೇಕು. ಕಡಲಕರೆಯ ಊರಿನಲ್ಲಿ ವರ್ಷಕ್ಕೆ ಎರಡು ತಿಂಗಳು ಕಾಯುವುದೇ ಕೆಲಸ. ಸಾಲ, ದುರಸ್ತಿ, ಮದುವೆಯ ಮಾತುಕತೆಗಳು ಈ ಕಾಯುವ ಕಾಲದಲ್ಲಿ ಆಗುವುವು. ಕತ್ತರಿಸಿ ಜೋಡಿಸುವ ಕಲೆಯು ಮೊತ್ತಮೊದಲು ಕತ್ತರಿಸಿ ಎಸೆಯುವುದು ಇಂತಹ ಕಾಲವನ್ನೇ.

ಎರಡನೆಯದು ದೂರದ ತೊಡಕು. ಯಾವ ಚಿತ್ರದಲ್ಲಾದರೂ ಒಬ್ಬನು ಮನೆಯ ಹೊಸ್ತಿಲನ್ನು ದಾಟಿದೊಡನೆ ಕಡಲು ಕಾಣಿಸುವುದು ಅಸಾಧ್ಯವಲ್ಲ. ಹೊಸ್ತಿಲು ಒಂದೂರಿನದು, ಕಡಲು ಇನ್ನೊಂದೂರಿನದು. ಕಾಲಿನಿಂದ ನಡೆಯುವವನಿಗೆ ನಡುವೆ ಹಿನ್ನೀರು, ತೆಂಗಿನ ಹಿತ್ತಿಲು, ಐಸ್ ಪ್ಲಾಂಟು, ಶಾಲೆ, ಭಜನಾಮಂದಿರ ಎಲ್ಲವೂ ಸಿಕ್ಕುವುವು. ಮಧ್ವಾಚಾರ್ಯರು ಪ್ರತಿಷ್ಠಿಸಿದರೆಂದು ನಂಬುವ ವಡಭಾಂಡೇಶ್ವರದ ಬಲರಾಮನ ಗುಡಿಯೂ ಹತ್ತಿರದಲ್ಲಿಯೇ ಇದೆ. ನಮ್ಮ ಮಾರ್ಗದರ್ಶಿಗಳು ಎಷ್ಟು ಹೆಣಗಿದರೂ ಚಿತ್ರದ ಅನುಕ್ರಮವನ್ನು ನೆಲದ ಅನುಕ್ರಮಕ್ಕೆ ಹೊಂದಿಸಲಾರದೆ ಹೋದರು. ಕೊನೆಗೆ ಅವರೇ ನಕ್ಕು, “ಸರ್, ಈ ಊರು ಎಲ್ಲಿಯೂ ಇಲ್ಲ” ಎಂದರು. ನೂರು ಪುಟದ ಸಿನಿಮಾಮೀಮಾಂಸೆಯನ್ನು ಓದಿದ್ದರೂ ಈ ವಾಕ್ಯವು ಅವರ ಬಾಯಿಂದ ಅಷ್ಟು ಖಚಿತವಾಗಿ ಬರುತ್ತಿರಲಿಲ್ಲ. ಚಿತ್ರಸ್ಥಳಗಳ ನಡಿಗೆಯನ್ನು ನಾನು ಸಮರ್ಥಿಸುವುದಾದರೆ ಈ ಕಾರಣಕ್ಕಾಗಿಯೇ. ಭಕ್ತಿಯಿಂದ ಹೊರಟವನು, ನಡೆಯುವಷ್ಟು ತಾಳ್ಮೆಯಿದ್ದರೆ, ವಿಮರ್ಶಕನಾಗಿ ಹಿಂದಿರುಗುವನು.

ತಾಳ್ಮೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ತೆಂಕಣದ ಬೇಕಲವನ್ನು ನೋಡಬಹುದು. ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆ. 1763ರಲ್ಲಿ ಹೈದರನ ವಶವಾಯಿತು. ಟಿಪ್ಪುವಿನ ಪತನಾನಂತರ ಕಂಪೆನಿಯ ಕೈಸೇರಿತು. 1956ರ ನವೆಂಬರ್ 1ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು ಅನಂತರ ಕೇರಳಕ್ಕೆ ಸೇರಿತು. ಮಣಿರತ್ನಂ ಅವರ ‘ಬಾಂಬೆ’ (1995) ಚಿತ್ರದ ಒಂದು ಮಳೆಯ ಹಾಡನ್ನು ಇಲ್ಲಿ ತೆಗೆದರು. ಕಥೆಯಲ್ಲಿ ಅದು ತಮಿಳುನಾಡಿನ ಹಳ್ಳಿಯೊಂದರ ಕರೆ. ಹಾಡು ಸೊಗಸಾಗಿದೆ, ಅಲೆಗೂ ಕಲ್ಲಿಗೂ ಸ್ವರಕ್ಕೂ ಅಲ್ಲಿ ಏರ್ಪಟ್ಟ ಸಖ್ಯವನ್ನು ನಾನು ಅಲ್ಲಗಳೆಯೆನು. ಆದರೆ ನಾನು ಅಲ್ಲಿಗೆ ಹೋದಾಗ ಹಾಡಿನ ಕೊತ್ತಳ ಯಾವುದೆಂದು ಕೇಳಿದವರನ್ನು ಕಂಡೆನೇ ಹೊರತು ಕೋಟೆ ಯಾರದೆಂದು ಕೇಳಿದವರನ್ನು ಕಾಣಲಿಲ್ಲ. ಇಕ್ಕೇರಿಯ ಅರಸನ ಕೋಟೆ, ಮಲೆಯಾಳದ ನಾಡು, ತಮಿಳಿನ ಕಥೆ, ಬೊಂಬಾಯಿಯ ಹೆಸರು! ಐತಿಹ್ಯವು ಕಲ್ಲಿನ ಬಳಿಯಲ್ಲಿಯೇ ಹುಟ್ಟಿ ಕಲ್ಲಿಗೆ ಅಂಟಿಕೊಂಡಿರುವುದು. ಚಿತ್ರದ ಕಥೆಯು ಬೇರೆಡೆಯಿಂದ ಬಂದು ಕೆಲವು ದಿನ ತಂಗಿ, ಹೋಗುವಾಗ ಸ್ಥಳದ ಹೆಸರನ್ನು ಅಳಿಸಿ ಹೋದರೂ ಹೋದೀತು.

ಮಲ್ಪೆಯ ಚಿತ್ರಕ್ಕೆ ಈ ದೋಷವನ್ನು ಹೊರಿಸಲಾಗದು. ಅದು ಊರಿನ ಹೆಸರನ್ನು ಹೇಳಿಯೇ ಕಥೆಯನ್ನು ಹೇಳುವುದು. 2017ರಲ್ಲಿ ಅದೇ ಕಥೆಯನ್ನು ‘ರಿಚ್ಚಿ’ ಎಂಬ ಹೆಸರಿನಿಂದ ತಮಿಳಿಗೆ ತಂದು ತೂತ್ತುಕುಡಿಯ ಕಡೆಯ ಕರೆಗೆ ಸಾಗಿಸಿದರು. ಸಂಗತಿಗಳು ಸಾಗಿದುವು, ಜೀವವು ಹಿಂದೆಯೇ ಉಳಿಯಿತೆಂದು ನನಗನ್ನಿಸಿತು. ಅಷ್ಟಮಿಯ ಹುಲಿಗಳನ್ನು ಗಂಟುಮೂಟೆ ಕಟ್ಟಿ ಒಯ್ಯಲಾಗುವುದಿಲ್ಲವಷ್ಟೆ.

ಆದರೆ ಒಂದು ಪ್ರಶ್ನೆಯು ಬಂದರಿನಲ್ಲಿ ನಡೆದಷ್ಟು ಹೊತ್ತೂ ನನ್ನನ್ನು ಬಿಡಲಿಲ್ಲ. ಕಿವಿಗೆ ಬೀಳುತ್ತಿದ್ದುದು ತುಳು. ನಡುನಡುವೆ ಘಟ್ಟದ ಮೇಲಿನಿಂದಲೂ ಹೊರರಾಜ್ಯಗಳಿಂದಲೂ ದುಡಿಯಬಂದವರ ಮಾತು. ಚಿತ್ರದ ಮಲ್ಪೆಯು ಆಡುವುದು ಮುಖ್ಯವಾಗಿ ಕನ್ನಡವನ್ನು. ಆ ಕನ್ನಡವು ಕರಾವಳಿಯದೇ, ಸವಿಯಾದುದೇ; ನಾನು ಈಗ ತಾನೇ ಅದನ್ನು ಹೊಗಳಿದೆನು. ಆದರೂ ಮೊಗವೀರರ ಮನೆಯೊಳಗೆ ತಾಯಿಮಕ್ಕಳು ಆಡುವ ಮಾತು ಅದಲ್ಲ. ಅಭಯಸಿಂಹರ ‘ಪಡ್ಡಾಯಿ’ (2018) ಇದೇ ಮಲ್ಪೆಯ ಬೆಸ್ತರ ಬಾಳಿನ ಮೇಲೆ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ತನ್ನು ಕೂರಿಸಿದ ತುಳು ಚಿತ್ರ, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಪಡ್ಡಾಯಿ ಎಂದರೆ ಪಡುವಣ. ಸ್ಕಾಟ್ಲೆಂಡಿನ ಕಥೆಯು ಅಲ್ಲಿ ಊರಿನದಾಗಿ ಕೇಳಿಸುವುದು, ಊರಿನ ಕಥೆಯು ಇಲ್ಲಿ ಒಂದು ತೆರೆಯ ಆಚೆಯಿಂದ ಕೇಳಿಸುವುದು. ಹೀಗಿದ್ದೂ ‘ಪಡ್ಡಾಯಿ’ಯ ಜಾಡಿನಲ್ಲಿ ಹೊರಡೋಣವೆಂದು ನಮ್ಮ ಸಂಘದಲ್ಲಿ ಯಾರೂ ಸೂಚಿಸಿರಲಿಲ್ಲ. ನಮ್ಮಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ತುಳುವನ್ನೇ ಆಡುವವರು!

ಈ ತಪ್ಪನ್ನು ಚಲಚ್ಚಿತ್ರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಶಿವರಾಮ ಕಾರಂತರು ‘ಚೋಮನ ದುಡಿ’ಯನ್ನು ಬರೆದುದು 1933ರಲ್ಲಿ, ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ. ವಿ. ಕಾರಂತರು ಅದನ್ನು ತೆರೆಗೆ ತಂದುದು 1975ರಲ್ಲಿ. ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ತುಳುನಾಡಿನ ಆ ಚೋಮನೂ ನಮಗೆ ಬಂದುದು ಕನ್ನಡದಲ್ಲಿಯೇ. ಕನ್ನಡದಲ್ಲಿ ಬಾರದಿದ್ದರೆ ಅವನು ಜಿಲ್ಲೆಯ ಗಡಿಯನ್ನು ದಾಟುತ್ತಿರಲಿಲ್ಲವೆಂಬುದೂ ನಿಜ. ನಮ್ಮಂತಹ ಸಾಹಿತ್ಯಸಂಘಗಳು ಇಷ್ಟು ಕಾಲ ಬಾಳಿರುವುದು ಈ ಲಾಭದ ಮೇಲೆಯೇ. ನಷ್ಟವೇನೆಂಬುದನ್ನು ಮಲ್ಪೆಯ ದಕ್ಕೆಯ ಮೇಲೆ ನಿಂತಾಗ ನೆನೆದೆನೇ ಹೊರತು ಸಂಘದ ಕೊಠಡಿಯಲ್ಲಿ ಕುಳಿತಾಗ ನೆನೆದಿರಲಿಲ್ಲ. ಇನ್ನೊಂದು ಮಾತು. ಚೋಮನ ಜಾಡನ್ನು ಹಿಡಿದು ಹೊರಟ ಯಾತ್ರಿಕರ ಗುಂಪನ್ನು ನಾನೆಲ್ಲಿಯೂ ಕಂಡಿಲ್ಲ. ಉಳುವುದಕ್ಕೆ ಒಂದು ಗದ್ದೆಯನ್ನು ಬೇಡಿ ಪಡೆಯದೆ ಸತ್ತವನ ಕಥೆಯಲ್ಲಿ, “ಇದು ಅವನ ಸ್ಥಳ” ಎಂದು ಯಾವ ಎಡೆಯನ್ನು ತೋರಿಸುವುದು?

ಕಾರಂತರದೇ ‘ಮರಳಿ ಮಣ್ಣಿಗೆ’ಯನ್ನು (1941) ಓದಿದವರಿಗೆ ಕೋಡಿಯ ಕಡಲು ಪರಿಚಿತ. ಹಿನ್ನೀರಿಗೂ ಕಡಲಿಗೂ ನಡುವಣ ಮರಳಪಟ್ಟಿಯ ಮೇಲಿನ ರಾಮ ಐತಾಳರ ಮನೆ, ಪಾರೋತಿ ಸರಸೋತಿಯರ ದುಡಿತ, ನಾಗವೇಣಿಯ ಪಿಟೀಲು, ಇವುಗಳನ್ನು ಒಬ್ಬೊಬ್ಬನೂ ತನ್ನ ಮನಸ್ಸಿನ ಕಣ್ಣಿನಿಂದ ಕಟ್ಟಿಕೊಂಡಿರುವನು. ನನ್ನ ಐತಾಳರ ಮನೆಯ ಜಗಲಿ ಬಲಕ್ಕಿದೆ. ನನ್ನ ಪತ್ನಿಯ ಐತಾಳರ ಜಗಲಿ ಎಡಕ್ಕಂತೆ. ಇಬ್ಬರೂ ಕೋಡಿಗೆ ಹೋದರೆ ಇಬ್ಬರಿಗೂ ಜಗಳವಾಗದಷ್ಟು ನಿರಾಶೆಯಾಗುವುದು. ಚಿತ್ರವಾದರೋ ಎಲ್ಲರಿಗೂ ಒಂದೇ ಜಗಲಿಯನ್ನು ಕೊಡುವುದು. ಆದುದರಿಂದಲೇ ಅದನ್ನು ಹುಡುಕಬಹುದು, ಬೆರಳಿಟ್ಟು ತೋರಿಸಬಹುದು, ಅದರೆದುರು ನಿಂತು ಭಾವಚಿತ್ರ ತೆಗೆದುಕೊಳ್ಳಬಹುದು. ಇದು ಚಿತ್ರದ ಕೊರತೆಯೋ ಸಂಪತ್ತೋ ಎಂಬುದರಲ್ಲಿ ನನ್ನ ಮನಸ್ಸು ಇನ್ನೂ ಒಂದು ಕಡೆಗೆ ವಾಲಿಲ್ಲ. ಹತ್ತು ಮಂದಿ ಅಪರಿಚಿತರು ಒಂದೇ ಗೋಡೆಯ ಮುಂದೆ ನಿಂತು ಒಂದೇ ದೃಶ್ಯವನ್ನು ನೆನೆದು ಮುಗುಳ್ನಗುವುದರಲ್ಲಿ ಒಂದು ಸೌಹಾರ್ದವಿದೆ; ಕಾದಂಬರಿಯ ಓದುಗರಿಗೆ ಅದು ಲಭ್ಯವಿಲ್ಲ.

ಮಧ್ಯಾಹ್ನದ ಮಳೆ ಬಲವಾದಾಗ ಒಣಮೀನು ಮಾರುವ ಹೆಂಗಸೊಬ್ಬರ ಅಂಗಡಿಯ ಮಾಡಿನ ಕೆಳಗೆ ನಿಂತೆವು. ನಮ್ಮ ಮಾರ್ಗದರ್ಶಿಗಳು ಅವರಿಗೆ ಮೊಬೈಲನ್ನು ತೋರಿಸಿ, “ಅಕ್ಕಾ, ಈ ಚಿತ್ರ ತೆಗೆದದ್ದು ಇಲ್ಲಿಯೇ ಅಲ್ಲವಾ?” ಎಂದು ಕನ್ನಡದಲ್ಲಿ ಕೇಳಿದರು. ಆಕೆ ಕಣ್ಣು ಕಿರಿದು ಮಾಡಿ ನೋಡಿ, ಯಾವ ಪಿಕ್ಚರಪ್ಪಾ, ಎಷ್ಟೋ ಜನ ಬರುತ್ತಾರೆ, ತೆಗೆಯುತ್ತಾರೆ, ಹೋಗುತ್ತಾರೆ ಎಂದು ತುಳುವಿನಲ್ಲಿ ಹೇಳಿದರು. ಆಮೇಲೆ, ನೀವು ಎಲ್ಲಿಯವರು ಎಂದು ಕೇಳಿದರು. ಬೆದ್ರದವರೆಂದೆವು. ಆಗ ಆಕೆಯ ಮುಖವರಳಿತು. ತನ್ನ ತಂಗಿಯ ಮಗಳನ್ನು ವೇಣೂರಿನ ಕಡೆಗೆ ಕೊಟ್ಟಿದೆಯೆಂದೂ, ಅಲ್ಲಿ ಈ ಸಲ ಮಳೆ ಹೇಗೆ, ಅಡಕೆಗೆ ಕೊಳೆರೋಗ ಬಂತೇ, ರೇಟು ಎಷ್ಟಿದೆ ಎಂದೂ ಒಂದೇ ಉಸಿರಿನಲ್ಲಿ ವಿಚಾರಿಸಿದರು. ನಮ್ಮ ಊರಿನ ಸುಖದುಃಖವನ್ನು ಆಕೆ ಬಲ್ಲಷ್ಟು ಆಕೆಯ ಊರಿನದನ್ನು ನಾವು ಬಲ್ಲವರಾಗಿರಲಿಲ್ಲ. ನಮ್ಮ ತರುಣರು ಮೊಬೈಲನ್ನು ಕಿಸೆಗಿಟ್ಟು ತುಳುವಿಗೆ ತಿರುಗಿದರು. ಬೋಟು ಇಳಿಯುವುದು ಯಾವಾಗ, ನಿಷೇಧದ ದಿನಗಳಲ್ಲಿ ಖರ್ಚಿಗೇನು, ಮಕ್ಕಳು ಕಡಲಿಗೆ ಹೋಗುತ್ತಾರೆಯೇ ಎಂದು ಕೇಳತೊಡಗಿದರು. ಮಳೆ ನಿಂತು ಅರ್ಧ ಗಂಟೆಯಾದರೂ ಮಾತು ನಿಲ್ಲಲಿಲ್ಲ. ಪಟ್ಟಿಯಲ್ಲಿ ಇನ್ನೂ ನಾಲ್ಕು ದೃಶ್ಯಗಳ ಸ್ಥಳಗಳು ಉಳಿದಿದ್ದುವು. ಅವು ಹಾಗೆಯೇ ಉಳಿದುವು.

ಹೊರಡುವಾಗ ಆಕೆ ಒಣಸಿಗಡಿಯ ಕಟ್ಟೊಂದನ್ನು ಹಣಕ್ಕೆ ಕೈಯೊಡ್ಡದೆ ತರುಣರ ಚೀಲಕ್ಕೆ ಹಾಕಿದರು. ನಮ್ಮಲ್ಲಿ ಸಸ್ಯಾಹಾರಿಗಳೇ ಹೆಚ್ಚಾಗಿದ್ದುದರಿಂದ, ಹಿರಿಯಡಕವನ್ನು ದಾಟುವವರೆಗೂ ವ್ಯಾನಿನ ಕಿಟಕಿಗಳನ್ನು ಮಳೆಯಲ್ಲಿಯೂ ತೆರೆದಿಟ್ಟುಕೊಂಡೇ ಬಂದೆವು.