ದುಂಡು ಹೂವು ಮೊಟ್ಟೆಯಾಗುವುದೇಕೆ

ಸೀರೆಯ ಡಿಸೈನನ್ನು ಮನೆ ಮನೆಯಾಗಿ ಬರೆದುಕೊಳ್ಳುವ ಗ್ರಾಫಿನ ಮಾತು ಇದು. ರಬಕವಿ-ಬನಹಟ್ಟಿಯಂಥ ನೇಕಾರರ ಊರಲ್ಲಿ, ದುಂಡಗೆ ಬಿಡಿಸಿದ ಹೂವು ಸೀರೆಯಲ್ಲಿ ಮೊಟ್ಟೆಯಾಗಿ ಬಂದರೆ ಬೈಗುಳ ಮಗ್ಗದವನಿಗೆ, ತಪ್ಪು ಬಹುಪಾಲು ಕಂಪ್ಯೂಟರಿನಲ್ಲಿ. ಇಂಚಿಗೆ ಹಾಸು 80 ಎಳೆ, ಹೊಕ್ಕು 60 ಎಳೆ ಎಂದಿಟ್ಟುಕೊಳ್ಳಿ. ಪರದೆಯ ಮೇಲೆ 80 ಮನೆ ಅಗಲ, 80 ಮನೆ ಎತ್ತರದ ಹೂವು ದುಂಡಗೇ ಕಾಣುತ್ತದೆ. ಬಟ್ಟೆಗೆ ಇಳಿದಾಗ ಅಗಲ 1 ಇಂಚು, ಎತ್ತರ 1.33 ಇಂಚು! ಕೈಯಲ್ಲಿ ಗ್ರಾಫ್ ಬರೆಯುತ್ತಿದ್ದವರು ಹಾಸು-ಹೊಕ್ಕಿನ ಪ್ರಮಾಣಕ್ಕೆ ತಕ್ಕ ಅಳತೆಯ ಮನೆಗಳ ಹಾಳೆಯನ್ನೇ ಆರಿಸಿಕೊಳ್ಳುತ್ತಿದ್ದರು. ಆ ಎಚ್ಚರವನ್ನು ಕಾಯುವ ಪುಟ್ಟ ಉಪಕರಣವೊಂದು ಸಾವಿರ ಸಿದ್ಧ ಡಿಸೈನುಗಳ ಭಂಡಾರಕ್ಕಿಂತ ಬೆಲೆಯುಳ್ಳದ್ದು.

ಫೋಟೊ ಸ್ಕ್ಯಾನ್ ಮಾಡಿ ಗುಂಡಿ ಒತ್ತಿದರೆ ಗ್ರಾಫ್ ಸಿದ್ಧ ಎನ್ನುವವರ ಜೊತೆ ನನ್ನ ತಕರಾರು ಹಳೆಯದು. ಸಮಯ ಉಳಿಯುತ್ತದೆ, ಒಪ್ಪಿದೆ. ಆದರೆ ಚಿತ್ರದ ಅಂಚನ್ನು ನಯ ಮಾಡುವ ಸಾಧನಕ್ಕೆ ಮೆಟ್ಟಿಲೆಲ್ಲ ದೋಷವೇ. ಮಗ್ಗದಲ್ಲಿ ಇರುವುದು ಅಡ್ಡ ಎಳೆ, ಉದ್ದ ಎಳೆ ಎರಡೇ. ಅಲ್ಲಿ ಬಾಗುವ ಗೆರೆಯೂ ಮೆಟ್ಟಿಲೇ. ಇಳಕಲ್ ಸೆರಗಿನ ಹಣಿಗೆ ಚಿತ್ತಾರದ ಹಲ್ಲು ಸವೆಸಿದರೆ ಅದು ಹಣಿಗೆಯಾಗಿ ಉಳಿದೀತೆ? ಉಪಕರಣ ತಾನಾಗಿ ತಿದ್ದಬಾರದು, ತೋರಿಸಬೇಕು. ಹಲವು ಹೊಕ್ಕುಗಳವರೆಗೆ ಎಲ್ಲೂ ಕಟ್ಟು ಬೀಳದೆ ತೇಲುವ ಎಳೆ ನಾಳೆ ಉಟ್ಟವಳ ಬಳೆಗೆ ಸಿಕ್ಕಿ ಕಿತ್ತು ಬರುತ್ತದೆ. ಅಂಥ ಜಾಗಗಳಿಗೆಲ್ಲ ಕೆಂಪು ಗುರುತು ಹಾಕಿಕೊಟ್ಟರೆ ಸಾಕು, ಎಲ್ಲಿ ಕಟ್ಟಬೇಕೆಂದು ಡಿಸೈನು ಬರೆದವನು ನೋಡಿಕೊಳ್ಳುತ್ತಾನೆ. 1963ರಲ್ಲಿ ಐವನ್ ಸದರ್ಲೆಂಡ್ ರೂಪಿಸಿದ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಸ್ಕೆಚ್‌ಪ್ಯಾಡ್ ಕೂಡ ಹೀಗೇ ನಡೆಯುತ್ತಿತ್ತು: ಯಾವ ಗೆರೆ ಯಾವುದಕ್ಕೆ ಸಮಾನಾಂತರ ಇರಬೇಕೆಂಬ ಷರತ್ತು ಮನುಷ್ಯನದು, ಅದನ್ನು ಪಾಲಿಸುವ ದುಡಿಮೆ ಯಂತ್ರದ್ದು.

ಇಂಥ ಉಪಕರಣಗಳನ್ನು ಬರೆಯುವುದು ಪ್ರೋಗ್ರಾಮರುಗಳ ಕೆಲಸ, ನೇಕಾರರಿಗೆ ಎಟುಕದು ಎನ್ನುವವರು ಮಗ್ಗದ ಮೇಲಿನ ಜಕಾರ್ಡ್ ಯಂತ್ರದ ಕಾರ್ಡನ್ನೊಮ್ಮೆ ಬೆಳಕಿಗೆ ಹಿಡಿದು ನೋಡಲಿ. ತೂತು ಇದ್ದರೆ ಹಾಸಿನ ಎಳೆ ಎತ್ತುವ ಹುಕ್ಕು ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಫ್ರಾನ್ಸಿನಲ್ಲಿ ಹುಟ್ಟಿದ ಈ ಹೌದು-ಇಲ್ಲಗಳ ಭಾಷೆ ಕಾರ್ಡು ಪಂಚ್ ಮಾಡುವವರ ಬೆರಳಿಗೆ ಎಂದೋ ಹತ್ತಿದೆ. ಉಪಕರಣ ಏನು ಕೇಳಬೇಕು, ಏನು ಹೇಳಬೇಕು ಎಂದು ಗೊತ್ತುಮಾಡಬೇಕಾದವರು ಅವರೇ. ಕೋಡು ಬರೆಯುವ ಹುಡುಗ ಅವರ ಪಕ್ಕದಲ್ಲಿ ಕೂರಲಿ. 240 ಹುಕ್ಕಿನ ಜಕಾರ್ಡಿನಲ್ಲಿ 50 ಎಳೆಯ ಹೂವು ಸರಿಯಾಗಿ ಕೂರದು, 48 ಎಳೆಯದಾದರೆ ಐದು ಸಲ ಕೂರುತ್ತದೆ. ಇಷ್ಟನ್ನು ಉಪಕರಣ ಹೇಳಲಿ. ಕಳೆಯಬೇಕಾದ ಆ ಎರಡು ಎಳೆ ಯಾವ ಎಸಳಿನವು ಎಂಬುದನ್ನು ಮಾತ್ರ ಹೂವು ಬಿಡಿಸಿದವನಿಗೇ ಬಿಡಲಿ.