ಡಿಕ್ಕಿಯಲ್ಲಿ ಬ್ಯಾಟರಿ, ದಾರಿಯಲ್ಲಿ ತಂತಿ

1959ರಲ್ಲಿ ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಕಾರು ಬರೀ ಹತ್ತು ಅಡಿ ಉದ್ದವಿತ್ತು. ಎಂಜಿನ್ ಅಡ್ಡಲಾಗಿ ಕೂತಿತ್ತು, ಗೇರ್‌ಬಾಕ್ಸ್ ಅದರ ಕೆಳಗೇ ಎಣ್ಣೆಯ ತೊಟ್ಟಿಯೊಳಗೆ ಸೇರಿಕೊಂಡಿತ್ತು. ಮೂಗು ಭಾರ, ಜಾಗವೂ ಇಕ್ಕಟ್ಟು. ಬ್ಯಾಟರಿ ಡಿಕ್ಕಿಯ ನೆಲಕ್ಕೆ, ಸ್ಟೆಪ್ನಿಯ ಪಕ್ಕಕ್ಕೆ ಹೋಯಿತು. ಮೂವತ್ತು ವರ್ಷದ ನಂತರ, 1989ರಲ್ಲಿ, ಮಜ್ದಾ ಕಂಪನಿ ಎರಡು ಸೀಟಿನ ಎಂಎಕ್ಸ್-5 ತಂದಾಗ ಅದರ ಬ್ಯಾಟರಿಯೂ ಡಿಕ್ಕಿಯ ಬಲಮೂಲೆಯಲ್ಲಿತ್ತು. ಬಿಎಂಡಬ್ಲ್ಯುವಿನ 3 ಸೀರೀಸ್ ಕಾರುಗಳಲ್ಲಿ ಹಲವಕ್ಕೂ ಅದೇ ಜಾಗ. ಕಾರ್ಖಾನೆಯವರೇ ಮಾಡಿರುವಾಗ ನಾವು ಮಾಡಿದರೇನು ಎಂದು ಕಾರಿನ ಹುಚ್ಚಿರುವ ಹುಡುಗರು ಗ್ಯಾರೇಜಿನಲ್ಲಿ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಕೆಲಸವನ್ನು ಮೆಚ್ಚುವವರೆಲ್ಲ ಡಿಕ್ಕಿ ತೆಗೆದು ಅಲ್ಲಿ ಅಂದವಾಗಿ ಕೂತ ಪೆಟ್ಟಿಗೆಯನ್ನು ನೋಡುತ್ತಾರೆ. ಅಲ್ಲಿಂದ ಬಾನೆಟ್‌ವರೆಗೆ ಹೋಗುವ ನಾಲ್ಕೈದು ಮೀಟರ್ ತಂತಿಯನ್ನು ಯಾರೂ ಬಗ್ಗಿ ನೋಡುವುದಿಲ್ಲ. ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದು ಗೊತ್ತಾಗುವುದು ಆ ತಂತಿಯಲ್ಲೇ.

ಮೊದಲು ಭಾರದ ಮಾತು. ಎತ್ತಿನ ಗಾಡಿಗೆ ಹುಲ್ಲು ಹೇರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಮುಂದಿನ ಹೊರೆಯನ್ನು ಅಚ್ಚಿನ ಹಿಂದಕ್ಕೆ ಸರಿಸಿದರೆ ಎತ್ತಿನ ಕೊರಳಿಂದ ಇಳಿಯುವ ಭಾರ ದೊಡ್ಡದು. ಕಾರಿನಲ್ಲೂ ಹಾಗೇ. 900 ಕಿಲೋ ತೂಕದ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 2.4 ಮೀಟರ್ ಅಂತರವಿರುವ ಸಣ್ಣ ಕಾರೊಂದನ್ನು ತೆಗೆದುಕೊಳ್ಳಿ. ಅದರ ಭಾರದ ಶೇ. 62 ಮುಂಗಾಲಿಗಳ ಮೇಲಿದೆ ಎನ್ನೋಣ. 12 ಕಿಲೋದ ಬ್ಯಾಟರಿಯನ್ನು 2.8 ಮೀಟರ್ ಹಿಂದಕ್ಕೆ ಒಯ್ದರೆ ಮುಂಗಾಲಿಗಳಿಂದ 14 ಕಿಲೋ ಇಳಿಯುತ್ತದೆ. ಆದರೆ ದಪ್ಪ ತಾಮ್ರದ ತಂತಿ, ಪೆಟ್ಟಿಗೆ, ಪಟ್ಟಿ, ಬೋಲ್ಟುಗಳೆಲ್ಲ ಸೇರಿ ನಾಲ್ಕೈದು ಕಿಲೋ ಹೊಸದಾಗಿ ಬಂತು. ಎಲ್ಲ ಕಳೆದು ಕೂಡಿದರೆ 62 ಇದ್ದದ್ದು 60.5ರ ಹತ್ತಿರ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರು ಕೂತರೆ ಇದಕ್ಕಿಂತ ಎಷ್ಟೋ ಹೆಚ್ಚು ವ್ಯತ್ಯಾಸವಾಗುತ್ತದೆ.

ಅದರ ಬದಲು ನಾಲ್ಕು ಕಿಲೋ ತೂಗುವ ಲಿಥಿಯಂ ಬ್ಯಾಟರಿಯನ್ನು ಹಳೆಯ ಜಾಗದಲ್ಲೇ ಕೂರಿಸಿದರೆ ಮುಂಗಾಲಿಗಳಿಂದ 8 ಕಿಲೋ ಇಳಿಯುತ್ತದೆ. ಬೆಲೆ ಹೆಚ್ಚು, ಚಾರ್ಜಿಂಗ್ ವೋಲ್ಟೇಜ್ ಅದಕ್ಕೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಬೇಕು, ನಿಜ. ಆದರೂ ಅದರಿಂದ ಕಾರು ಹಗುರಾಗುತ್ತದೆ. ಡಿಕ್ಕಿಗೆ ಸಾಗಿಸುವ ಕೆಲಸದಿಂದ ಕಾರು ಇನ್ನಷ್ಟು ಭಾರವಾಗುತ್ತದೆ. ರಸ್ತೆಯ ಕಾರಿನ ಮಟ್ಟಿಗೆ ಭಾರ ಹಂಚುವ ವಾದ ನನಗೆ ಇಲ್ಲಿಗೇ ಸೋತಂತೆ ಕಾಣುತ್ತದೆ. ಅದರಲ್ಲೂ ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂಗಾಲಿಗಳಿಂದಲೇ ಎಳೆಯುವಂಥವು. ಮಳೆಗಾಲದಲ್ಲಿ ಚಾರ್ಮಾಡಿ ಹತ್ತುವಾಗ ಆ ಗಾಲಿಗಳಿಗೆ ನೆಲದ ಹಿಡಿತ ಬೇಕು. ಅಲ್ಲಿಂದ ಭಾರ ತೆಗೆಯುವುದು ಸಾಧನೆಯೇನಲ್ಲ.

ಈ ಕೆಲಸಕ್ಕೆ ನಿಜವಾದ ನೆಲೆ ಅಮೆರಿಕದ ಡ್ರ್ಯಾಗ್ ರೇಸಿನಲ್ಲಿದೆ. ಕಾಲು ಮೈಲಿಯ ನೇರ ಓಟ, ಹಿಂಗಾಲಿಗಳಿಂದ ತಳ್ಳುವ ಕಾರು. ಪ್ರೊಪೆಲರ್ ಶಾಫ್ಟ್ ತಿರುಚುವ ಬಲಕ್ಕೆ ಹಿಂದಿನ ಗಟ್ಟಿ ಆಕ್ಸಲ್‌ನ ಬಲಗಾಲಿ ಹಗುರಾಗಿ ಜಾರತೊಡಗುತ್ತದೆ. ಅದಕ್ಕೇ ಅಲ್ಲಿಯವರು ಬ್ಯಾಟರಿಯನ್ನು ಡಿಕ್ಕಿಯ ಬಲಗಡೆ, ಆ ಗಾಲಿಗೆ ಆದಷ್ಟು ಹತ್ತಿರ ಇಡುತ್ತಾರೆ. ಒಂದೊಂದು ಕಿಲೋಗೂ ಅಲ್ಲಿ ಕೆಲಸವಿದೆ. ಅದರ ಜೊತೆಗೆ ಕಟ್ಟುನಿಟ್ಟೂ ಇದೆ: ಬ್ಯಾಟರಿ ಜಾಗ ಬದಲಾಯಿಸಿದ ಕಾರಿನ ಹಿಂಭಾಗದಲ್ಲಿ, ಹೊರಗಿನವರ ಕೈಗೆ ಸಿಗುವಂತೆ, ಕಟ್-ಆಫ್ ಸ್ವಿಚ್ ಇರಲೇಬೇಕೆಂದು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ನಿಯಮ ಮಾಡಿದೆ. ಆ ಸ್ವಿಚ್ ಒತ್ತಿದರೆ ಓಡುತ್ತಿರುವ ಎಂಜಿನ್ನೂ ನಿಲ್ಲಬೇಕು. ಬ್ಯಾಟರಿಯೊಂದನ್ನೇ ಕಡಿದರೆ ಸಾಲದು, ಆಲ್ಟರ್ನೇಟರ್ ಎಂಜಿನ್‌ಗೆ ಕರೆಂಟು ಕೊಡುತ್ತಲೇ ಇರುತ್ತದೆ. ನಮ್ಮಲ್ಲಿ ಡಿಕ್ಕಿಯ ಬ್ಯಾಟರಿಯನ್ನು ಅನುಕರಿಸಿದವರು ಈ ಸ್ವಿಚ್ಚನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಇನ್ನು ತಂತಿ. ಎಂಜಿನ್ ಪಕ್ಕದಲ್ಲೇ ಬ್ಯಾಟರಿ ಇದ್ದಾಗ ಸೆಲ್ಫ್ ಮೋಟರಿಗೆ ಹೋಗುವ ತಂತಿ ಒಂದು ಮೊಳಕ್ಕಿಂತ ತುಸು ಹೆಚ್ಚು, ಅಷ್ಟೆ. ಸೆಲ್ಫ್ ಹೊಡೆದಾಗ 200 ಆಂಪಿಯರ್ ಹರಿದರೂ ದಾರಿಯಲ್ಲಿ ಕಳೆದುಹೋಗುವುದು ಅತ್ಯಲ್ಪ. ಐದು ಮೀಟರ್ ಆದಾಗ ಲೆಕ್ಕ ಬದಲಾಗುತ್ತದೆ. 16 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಅದೊಂದರಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ನಷ್ಟ. 50 ಚದರ ಮಿಲಿಮೀಟರಿನದಾದರೆ ಸುಮಾರು 0.35 ವೋಲ್ಟ್. ಸೆಲ್ಫ್ ಎಳೆಯುವಾಗ ಬ್ಯಾಟರಿಯೇ 12.6ರಿಂದ ಹತ್ತರ ಸುತ್ತ ಇಳಿದಿರುತ್ತದೆ. ಅದರಲ್ಲಿ ಇನ್ನೊಂದು ವೋಲ್ಟ್ ದಾರಿಗೆ ತೆತ್ತರೆ ಮೋಟರ್ ನರಳುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ತೊದಲುತ್ತದೆ. ಆಗ ಬ್ಯಾಟರಿ ಹಾಳಾಗಿದೆ ಎಂದುಕೊಂಡು ಹೊಸ ಬ್ಯಾಟರಿ ಕೊಳ್ಳುತ್ತಾರೆ. ಆಂಪ್ಲಿಫೈಯರಿಗೆಂದು ಮಾರುವ ದಪ್ಪನೆಯ ಬಣ್ಣದ ತಂತಿಗಳಲ್ಲಿ ಹಲವು ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಂಥವು. ಅಷ್ಟೇ ದಪ್ಪದ ತಾಮ್ರಕ್ಕಿಂತ ಅವುಗಳ ರೋಧ ಸುಮಾರು ಒಂದೂವರೆ ಪಟ್ಟು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಕೊಳ್ಳಿ, ಬೇರೆಲ್ಲೇ ಕೊಳ್ಳಿ, ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ.

ವೋಲ್ಟೇಜ್ ನಷ್ಟ ಬರೀ ಕಿರಿಕಿರಿ. ಬೆಂಕಿಯ ಮಾತೇ ಬೇರೆ. ಸೆಲ್ಫ್ ಮೋಟರಿನ ತಂತಿಗೆ ಫ್ಯೂಸ್ ಹಾಕದಿರುವುದು ಬಹುಪಾಲು ಕಾರುಗಳಲ್ಲಿ ರೂಢಿ. ತಂತಿ ಗಿಡ್ಡ, ಸುತ್ತ ಚೂಪಾದ ಅಂಚಿಗೆ ತಾಗದಂತೆ ಕಾರ್ಖಾನೆಯಲ್ಲೇ ಬಿಗಿದಿರುತ್ತಾರೆ, ಹಾಗಾಗಿ ನಡೆಯುತ್ತದೆ. ಅದೇ ರೂಢಿಯನ್ನು ಐದು ಮೀಟರ್ ತಂತಿಗೂ ಒಯ್ಯುವುದು ನನ್ನ ಕಣ್ಣಿಗೆ ಅಕ್ಷಮ್ಯ. ಈ ತಂತಿ ಹಿಂದಿನ ಸೀಟಿನ ತಗಡನ್ನು ತೂರುತ್ತದೆ, ಕಾರ್ಪೆಟ್ ಕೆಳಗೆ ಜನರ ಕಾಲಡಿ ಮಲಗುತ್ತದೆ, ಸೀಟಿನ ಹಳಿಯನ್ನು ದಾಟುತ್ತದೆ, ಎಂಜಿನ್ ಕಡೆಯ ಗೋಡೆಯನ್ನು ಮತ್ತೆ ತೂರುತ್ತದೆ. ತೂತಿನ ಅಂಚಿಗೆ ರಬ್ಬರ್ ಬುಷ್ ಇಲ್ಲದಿದ್ದರೆ ರಸ್ತೆಯ ಅದುರಿಗೆ ಇನ್ಸುಲೇಷನ್ ದಿನವೂ ಚೂರುಚೂರು ಸವೆಯುತ್ತದೆ. ತಾಮ್ರ ತಗಡಿಗೆ ತಾಗಿದ ಕ್ಷಣ ಸಾವಿರ ಆಂಪಿಯರ್‌ಗೂ ಮಿಕ್ಕಿ ಹರಿಯಬಹುದು. ತಂತಿ ಕೆಂಪಗೆ ಕಾಯುವ ಜಾಗ ಇಂಧನದ ಪೈಪಿನ ಪಕ್ಕವೂ ಆಗಿರಬಹುದು, ಮಗು ಕೂತ ಸೀಟಿನ ಕೆಳಗೂ ಆಗಿರಬಹುದು. ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇದ್ದರೆ ಇದಿಷ್ಟೂ ಒಂದು ಸಣ್ಣ ಸದ್ದಿನಲ್ಲಿ ಮುಗಿಯುತ್ತದೆ. ಸೆಲ್ಫ್ ಹೊಡೆದಾಗ ಫ್ಯೂಸ್ ಹಾರುತ್ತದೆ ಎಂದು ಹೆದರಿಸುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಸಣ್ಣ ಪೆಟ್ರೋಲ್ ಎಂಜಿನ್ನಿಗೆ ತಕ್ಕ ಅಳತೆಯದನ್ನು ಆರಿಸಿದರೆ ಸೆಲ್ಫಿನ ಆ ಕ್ಷಣದ ಎಳೆತವನ್ನು ಅದು ತಡೆದುಕೊಳ್ಳುತ್ತದೆ. ಆಲ್ಟರ್ನೇಟರ್ ಕಡೆಯಿಂದಲೂ ಇದೇ ತಂತಿಗೆ ಕರೆಂಟು ನುಗ್ಗಬಲ್ಲದು, ಹಾಗಾಗಿ ಆ ತುದಿಗೂ ಇನ್ನೊಂದು ಫ್ಯೂಸ್ ಹಾಕುವವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಅರ್ತಿಂಗ್ ಅನ್ನೂ ಇಷ್ಟೇ ಗಂಭೀರವಾಗಿ ನೋಡಬೇಕು. ಡಿಕ್ಕಿಯಲ್ಲಿ ಬಣ್ಣ ಕೆರೆದು ತಗಡಿಗೆ ಬೋಲ್ಟ್ ಬಿಗಿದು, ಮುಂದೆ ಎಂಜಿನ್ನಿಂದ ಕಾರಿನ ಮೈಗೆ ಇರುವ ಹಳೆಯ ತೆಳು ಪಟ್ಟಿಯನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಕೆರೆದ ಆ ಜಾಗಕ್ಕೆ ಗ್ರೀಸ್ ಬಳಿಯದಿದ್ದರೆ ಮುಂದಿನ ಮಳೆಗಾಲದೊಳಗೆ ತುಕ್ಕು ಕೂರುತ್ತದೆ.

ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4 ಆದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬಾನೆಟ್ ಕೆಳಗೆ ಗಾಳಿಯಾಡುತ್ತದೆ, ಮುಚ್ಚಿದ ಡಿಕ್ಕಿಯಲ್ಲಿ ಆಡುವುದಿಲ್ಲ. ಎಂಎಕ್ಸ್-5 ಕಾರಿನವರು ಬ್ಯಾಟರಿಯಿಂದ ಕೊಳವೆಗಳನ್ನು ನೆಲದ ಮೂಲಕ ಹೊರಗೆ ಬಿಟ್ಟದ್ದು ಇದಕ್ಕೇ. ಸೀಲ್ ಮಾಡಿದ ಎಜಿಎಂ ಬ್ಯಾಟರಿಯೂ ಅತಿಯಾಗಿ ಚಾರ್ಜ್ ಆದರೆ ವಾಲ್ವ್ ತೆರೆದು ಅನಿಲ ಬಿಡುತ್ತದೆ. ಆದ್ದರಿಂದ ಸೀಲ್ಡ್ ಎಂಬ ಒಂದೇ ಮಾತಿನ ಮೇಲೆ ಕೊಳವೆ ಹಾಕದೆ ಇರಬಾರದು. ಸಿಎನ್‌ಜಿ ಸಿಲಿಂಡರ್ ಇರುವ ಡಿಕ್ಕಿಗಂತೂ ಈ ಕೆಲಸ ಬೇಡವೇ ಬೇಡ.

ಬ್ಯಾಟರಿಯನ್ನು ಡಿಕ್ಕಿಗೆ ಒಯ್ಯುವುದರ ಪರವಾಗಿ ನನ್ನನ್ನು ಒಲಿಸುವ ವಾದ ಒಂದೇ, ಮತ್ತು ಅದನ್ನು ಯಾರೂ ಹೆಚ್ಚಾಗಿ ಎತ್ತುವುದಿಲ್ಲ: ಶಾಖ. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಲೆಡ್ ಆಸಿಡ್ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಎಂಜಿನ್ ಪಕ್ಕದ ಬ್ಯಾಟರಿ ಬೇಯುತ್ತದೆ, ಡಿಕ್ಕಿಯಲ್ಲಿ ಅಷ್ಟಿಲ್ಲ. ಆದರೂ ಶಾಖ ತಡೆಯುವ ಒಂದು ಹೊದಿಕೆ ಸುತ್ತಿದರೆ ಈ ಲಾಭದ ಒಂದಿಷ್ಟು ಪಾಲು ಕಾರಿನ ತಗಡಿಗೆ ಒಂದೂ ತೂತು ಕೊರೆಯದೆ ಸಿಗುತ್ತದೆ. ಹಾಗಾಗಿ ದೊಡ್ಡ ಎಂಜಿನ್ ಕೂರಿಸಿ ಮುಂದೆ ಜಾಗವೇ ಉಳಿಯದ ಕಾರಿಗೆ, ರೇಸಿಗೆಂದೇ ಕಟ್ಟಿದ ಕಾರಿಗೆ ನಾನು ಹೂಂ ಎನ್ನುತ್ತೇನೆ. ದಿನಾ ಮಕ್ಕಳನ್ನು ಸ್ಕೂಲಿಗೆ ಬಿಡುವ ಕಾರಿಗೆ ಇಲ್ಲ.

ಹೂಂ ಎಂದ ಮೇಲೂ ಅಪಘಾತದ ಗಳಿಗೆಯನ್ನು ಯೋಚಿಸಬೇಕು. ಬಿಎಂಡಬ್ಲ್ಯು ತನ್ನ ಕಾರುಗಳ ಪಾಸಿಟಿವ್ ಟರ್ಮಿನಲ್ಲಿನಲ್ಲೇ ಸಣ್ಣ ಸ್ಫೋಟಕವೊಂದನ್ನು ಇಟ್ಟಿತು. ಗುದ್ದು ಜೋರಾದರೆ ಅದು ಸಿಡಿದು ಸೆಲ್ಫ್ ಮತ್ತು ಆಲ್ಟರ್ನೇಟರಿಗೆ ಹೋಗುವ ದಪ್ಪ ತಂತಿಯನ್ನು ಬೇರ್ಪಡಿಸುತ್ತದೆ, ಹಜಾರ್ಡ್ ದೀಪಗಳು ಮಾತ್ರ ಉರಿಯುತ್ತಿರುತ್ತವೆ. ಬಾನೆಟ್ ಕೆಳಗೆ ಜಂಪ್ ಸ್ಟಾರ್ಟಿಗೆಂದು ಬೇರೆ ಟರ್ಮಿನಲ್ ಕೊಟ್ಟಿತು. ಗ್ಯಾರೇಜಿನಲ್ಲಿ ಮಾಡಿದ ಕಾರಿಗೆ ಆ ಸ್ಫೋಟಕ ಸಿಗದು. ಹೊರಗಿನಿಂದ ಸಿಗುವ ಕಟ್-ಆಫ್ ಸ್ವಿಚ್, ಮುಂದೆ ಒಂದು ಜಂಪ್ ಟರ್ಮಿನಲ್, ಬ್ಯಾಟರಿ ಹಿಂದಿದೆ ಎಂದು ಬಾನೆಟ್ ಒಳಗೆ ದಪ್ಪಕ್ಷರದ ಒಂದು ಚೀಟಿ, ಇವನ್ನು ಯಾರು ಬೇಕಾದರೂ ಮಾಡಬಹುದು. ಡಿಕ್ಕಿ ತೆರೆಯುವುದು ಕರೆಂಟಿನ ಗುಂಡಿಯಿಂದಷ್ಟೇ ಆಗಿದ್ದರೆ, ಬ್ಯಾಟರಿ ಸತ್ತ ದಿನ ಅದನ್ನು ತಲುಪುವ ದಾರಿಯೇ ಇರುವುದಿಲ್ಲ. ಬೀಗದ ಕೈಯಿಂದಲೋ ಕೇಬಲ್ ಎಳೆದೋ ಡಿಕ್ಕಿ ತೆರೆಯುವುದನ್ನು ಮೊದಲು ಖಚಿತ ಮಾಡಿಕೊಂಡು, ಆಮೇಲೆ ಡ್ರಿಲ್ ಮಷಿನ್ ಕೈಗೆತ್ತಿಕೊಳ್ಳಬೇಕು.